ಟೈಮಿಂಗ್ ಬೆಲ್ಟ್ ಬಿಚ್ಚಿದ ಮೇಲೆ ವಾಟರ್ ಪಂಪನ್ನೂ ಬದಲಿಸಿಬಿಡಿ

ಬ್ರೇಕ್ ಪ್ಯಾಡ್ ಸವೆದರೆ ಕಿರುಗುಟ್ಟುತ್ತದೆ. ಬ್ಯಾಟರಿ ಸೋತರೆ ಸ್ಟಾರ್ಟ್ ಆಗಲು ತಿಣುಕುತ್ತದೆ. ಟೈಮಿಂಗ್ ಬೆಲ್ಟ್ ಮಾತ್ರ ಹೇಳದೆ ಕೇಳದೆ ಹರಿಯುವುದೇ ಜಾಸ್ತಿ. ಆದ್ದರಿಂದ ಇದನ್ನು ಕೆಟ್ಟ ಮೇಲೆ ರಿಪೇರಿ ಮಾಡುವ ಮಾತೇ ಇಲ್ಲ, ಕೆಡುವ ಮೊದಲೇ ಬದಲಿಸಬೇಕು. ಕಾರಿನ ಕೈಪಿಡಿಯಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ ಎಂದು ಬರೆದಿರುತ್ತದೆ. ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಕೆಲವು ಎಂಜಿನ್‌ಗಳಿಗೆ 60,000 ಕಿ.ಮೀ., ಕೆಲವಕ್ಕೆ 1,00,000 ಕಿ.ಮೀ. ದಾಟಿದ ಮೇಲೆ. ‘ನನ್ನ ಕಾರು ಜಾಸ್ತಿ ಓಡೇ ಇಲ್ಲ’ ಎನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ನಿಂತಲ್ಲೇ ನಿಂತರೂ ರಬ್ಬರ್‌ಗೆ ವಯಸ್ಸಾಗುತ್ತದೆ.

ಈ ಬೆಲ್ಟ್ ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ಕ್ರ್ಯಾಂಕ್‌ಶಾಫ್ಟನ್ನೂ ವಾಲ್ವ್‌ಗಳನ್ನು ತೆರೆಯುವ ಮೇಲಿನ ಕ್ಯಾಮ್‌ಶಾಫ್ಟನ್ನೂ ಒಂದೇ ತಾಳದಲ್ಲಿ ತಿರುಗಿಸುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಬೆಲ್ಟ್ ಹರಿದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ಬಹಳಷ್ಟು ಎಂಜಿನ್‌ಗಳಲ್ಲಿ ತೆರೆದೇ ಉಳಿದ ವಾಲ್ವ್‌ಗೆ ಪಿಸ್ಟನ್ ಬಂದು ಹೊಡೆಯುತ್ತದೆ. ವಾಲ್ವ್ ಬಾಗುತ್ತದೆ, ಸಿಲಿಂಡರ್ ಹೆಡ್ ಬಿಚ್ಚಬೇಕಾಗುತ್ತದೆ. ಬೆಲ್ಟ್ ಹರಿಯುವುದೇ ಬೇಕಿಲ್ಲ, ಒಂದೆರಡು ಹಲ್ಲು ಜಾರಿದರೂ ತೊಂದರೆಯೇ.

ಎಂಜಿನ್ ತಣ್ಣಗಿಡುವ ದ್ರವವನ್ನು, ಅಂದರೆ ಕೂಲಂಟನ್ನು, ಸುತ್ತಿಸುವ ವಾಟರ್ ಪಂಪ್ ಇಲ್ಲಿಗೆ ಹೇಗೆ ಬಂತು? ಅನೇಕ ಎಂಜಿನ್‌ಗಳಲ್ಲಿ ಅದನ್ನು ತಿರುಗಿಸುವುದೂ ಇದೇ ಬೆಲ್ಟ್. ಹಳೆ ಪಂಪನ್ನು ಹಾಗೇ ಬಿಟ್ಟು ಬೆಲ್ಟ್ ಮಾತ್ರ ಹೊಸದು ಹಾಕಿದರೆ ಮುಂದೆ ಪಂಪ್ ಸೋರಿದಾಗ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಪಂಪಿನ ಬೇರಿಂಗ್ ಹಿಡಿದುಕೊಂಡರಂತೂ ಹೊಸ ಬೆಲ್ಟನ್ನೂ ತಿಂದುಹಾಕುತ್ತದೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಪುಲಿಗೂ ಇದೇ ಮಾತು. ಇವೆಲ್ಲ ಸೇರಿದ ಕಿಟ್ ಸಿಗುತ್ತದೆ, ಅದನ್ನೇ ತನ್ನಿ. ಕ್ಯಾಮ್ ಅಥವಾ ಕ್ರ್ಯಾಂಕ್ ಸೀಲ್ ಬಳಿ ಎಣ್ಣೆ ಜಿನುಗಿದ ಗುರುತಿದ್ದರೆ ಆ ಸೀಲನ್ನೂ ಈಗಲೇ ಬದಲಿಸಿ. ಎಣ್ಣೆ ತಾಗಿದ ಬೆಲ್ಟ್ ಬೇಗ ಹಾಳಾಗುತ್ತದೆ.

ಶುರು ಮಾಡುವ ಮುನ್ನ ಎರಡು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ಎಂಜಿನ್‌ನಲ್ಲಿರುವುದು ಬೆಲ್ಟೋ ಚೈನೋ? ಚೈನ್ ಇದ್ದರೆ ಈ ಲೇಖನ ನಿಮಗಲ್ಲ. ಎಂಜಿನ್ ಆಯಿಲ್‌ನಲ್ಲೇ ಮುಳುಗಿ ಓಡುವ ಬೆಲ್ಟ್ ಇದ್ದರೂ ಅಲ್ಲ, ಅದರ ಕೆಲಸವೇ ಬೇರೆ. ಎರಡನೆಯದು, ನಿಮ್ಮ ಎಂಜಿನ್‌ನದೇ ಸರ್ವಿಸ್ ಮ್ಯಾನ್ಯುಯಲ್. ಕ್ರ್ಯಾಂಕ್, ಕ್ಯಾಮ್ ಸರಿಯಾದ ಜಾಗದಲ್ಲಿವೆ ಎಂದು ತೋರಿಸುವ ಗುರುತುಗಳು ಎಲ್ಲಿವೆ, ಯಾವ ಬೋಲ್ಟ್ ಎಷ್ಟು ಬಿಗಿ ಎನ್ನುವುದು ಅದರಲ್ಲಿ ಮಾತ್ರ ಸರಿಯಾಗಿ ಸಿಗುತ್ತದೆ. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದವರು, ಮೊದಲ ಬಾರಿ ಸ್ಪ್ಯಾನರ್ ಹಿಡಿಯುತ್ತಿರುವವರು ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಕೆಲಸ ಕಷ್ಟ ಅಂತಲ್ಲ, ತಪ್ಪಾದರೆ ನಷ್ಟ ದೊಡ್ಡದು.

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ಕೂಲಂಟ್ ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಬೆಲ್ಟ್ ಇರುವ ಕಡೆಯ ಮುಂದಿನ ಚಕ್ರದ ನಟ್‌ಗಳನ್ನು ಸಡಿಲಿಸಿ, ಜಾಕಿ ಹಾಕಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು ಚಕ್ರ ತೆಗೆಯಿರಿ. ಬರೀ ಜಾಕಿಯನ್ನು ನಂಬಿ ಕಾರಿನ ಕೆಳಗೆ ಹೋಗಬೇಡಿ. ಅಗಲವಾದ ಪಾತ್ರೆ ಇಟ್ಟು ಕೂಲಂಟ್ ಇಳಿಸಿ. ಆಲ್ಟರ್ನೇಟರ್, ಎಸಿ ಬೆಲ್ಟ್‌ಗಳು ಹೇಗೆ ಸುತ್ತಿಕೊಂಡಿವೆ ಎಂದು ಫೋಟೊ ತೆಗೆದುಕೊಂಡು ಬಿಚ್ಚಿ. ಎಂಜಿನ್ ಅಡ್ಡ ಕೂತಿರುವ ಕಾರುಗಳಲ್ಲಿ ಆ ಬದಿಯ ಎಂಜಿನ್ ಮೌಂಟನ್ನೂ ತೆಗೆಯಬೇಕಾಗುತ್ತದೆ. ಆಗ ಆಯಿಲ್ ಪ್ಯಾನ್ ಕೆಳಗೆ ಮರದ ಹಲಗೆ ಇಟ್ಟು ಜಾಕಿಯಿಂದ ಎಂಜಿನ್‌ಗೆ ಆಸರೆ ಕೊಡಿ. ಎತ್ತುವುದು ಬೇಡ, ಭಾರ ಹೊತ್ತರೆ ಸಾಕು.

ಬೆವರು ಇಳಿಸುವುದು ಕ್ರ್ಯಾಂಕ್ ಪುಲಿಯ ನಡುವಿನ ಬೋಲ್ಟ್. ಅದನ್ನು ಭಾರಿ ಬಿಗಿಯಾಗಿ ಕೂರಿಸಿರುತ್ತಾರೆ, ಮೇಲೆ ವರ್ಷಗಳ ತುಕ್ಕು ಬೇರೆ. ಉದ್ದ ಹಿಡಿಯ ರೆಂಚ್ ಬೇಕು, ಪುಲಿ ತಿರುಗದಂತೆ ಹಿಡಿಯುವ ಟೂಲ್ ಬೇಕು. ಮ್ಯಾನ್ಯುಯಲ್ ಗೇರ್ ಕಾರಾದರೆ ಟಾಪ್ ಗೇರ್‌ಗೆ ಹಾಕಿ, ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದರೂ ಆಗುತ್ತದೆ. ರೆಂಚನ್ನು ನೆಲಕ್ಕೆ ಆನಿಸಿ ಸ್ಟಾರ್ಟರ್ ತಿರುಗಿಸಿ ಬೋಲ್ಟ್ ಬಿಡಿಸುವ ‘ಐಡಿಯಾ’ ಕೆಲವರು ಹೇಳುತ್ತಾರೆ. ನನ್ನ ಪ್ರಕಾರ ಅದು ಮೂಳೆ ಮುರಿದುಕೊಳ್ಳುವ ದಾರಿ. ಟೈಮಿಂಗ್ ಲಾಕ್ ಪಿನ್‌ಗಳನ್ನು ನೆಚ್ಚಿ ಈ ಬೋಲ್ಟ್ ಬಿಚ್ಚುವುದೂ ಬೇಡ. ಆ ಪಿನ್ ಇರುವುದು ಕ್ರ್ಯಾಂಕ್, ಕ್ಯಾಮ್ ಜಾಗ ತಪ್ಪದಿರಲಿ ಎಂದು, ಇಷ್ಟು ಬಲ ತಡೆಯಲು ಅಲ್ಲ.

ಬೋಲ್ಟ್ ಸಡಿಲವಾಯಿತು, ಬೆಲ್ಟಿನ ಮೇಲಿನ ಕವರ್ ಬಂತು ಅಂದಮೇಲೆ ಇಡೀ ಕೆಲಸದ ಮುಖ್ಯ ಘಟ್ಟ. ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಮಾಮೂಲಾಗಿ ತಿರುಗುವ ದಿಕ್ಕಿಗೇ ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿ. ಹೆಚ್ಚಿನವು ಗಡಿಯಾರದ ದಿಕ್ಕಿಗೆ, ಕೆಲವೇ ಕೆಲವು ಉಲ್ಟಾ. ಕ್ರ್ಯಾಂಕ್ ಗುರುತೂ ಕ್ಯಾಮ್ ಗುರುತೂ ಒಟ್ಟಿಗೆ ತಮ್ಮ ಜಾಗಕ್ಕೆ ಬರಬೇಕು. ಕ್ರ್ಯಾಂಕ್ ಗುರುತು ಕೂತು ಕ್ಯಾಮ್ ಗುರುತು ಎದುರು ಬದಿಯಲ್ಲಿದ್ದರೆ ಇನ್ನೊಂದು ಸುತ್ತು ತಿರುಗಿಸಿ. ಲಾಕ್ ಪಿನ್ ಹಾಕುವ ಎಂಜಿನ್ ಆಗಿದ್ದರೆ ಈಗ ಹಾಕಿ. ಪುಲಿಯನ್ನೂ ಕೆಳಗಿನ ಕವರನ್ನೂ ತೆಗೆದ ಮೇಲೆ ಗುರುತುಗಳನ್ನು ಇನ್ನೊಮ್ಮೆ ನೋಡಿ. ಕಂಪನಿ ಕೊಟ್ಟ ಗುರುತು ಜಿಡ್ಡಿನಡಿ ಸರಿಯಾಗಿ ಕಾಣುವುದಿಲ್ಲ. ಬಟ್ಟೆಯಲ್ಲಿ ಒರೆಸಿ, ಬಿಳಿ ಪೇಂಟಿನ ಚುಕ್ಕೆ ಇಡಿ. ಹಳೆ ಬೆಲ್ಟಿನ ಮೇಲೂ ಅದೇ ನೇರಕ್ಕೆ ಒಂದೊಂದು ಚುಕ್ಕೆ ಇಟ್ಟರೆ ಒಂದು ಗುರುತಿನಿಂದ ಇನ್ನೊಂದಕ್ಕೆ ಎಷ್ಟು ಹಲ್ಲು ಎಂದು ಆಮೇಲೆ ಎಣಿಸಿ ಹೊಸದರ ಜೊತೆ ತಾಳೆ ನೋಡಬಹುದು. ಫೋಟೊ ತೆಗೆಯುವಾಗ ನೇರ ಎದುರಿನಿಂದಲೇ ತೆಗೆಯಿರಿ. ಓರೆಯಿಂದ ನೋಡಿದರೆ ಅರ್ಧ ಹಲ್ಲು ಆಚೀಚೆ ಕಂಡು ತಲೆ ಕೆಡುತ್ತದೆ.

ಈಗ ಟೆನ್ಷನರ್ ಸಡಿಲಿಸಿ ಬೆಲ್ಟ್ ತೆಗೆಯಿರಿ. ಇಲ್ಲಿಂದ ಹೊಸ ಬೆಲ್ಟ್ ಕೂರುವವರೆಗೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಸುಮ್ನೆ ತಿರುಗಿಸಿ ನೋಡಬೇಡಿ.

ಪಂಪಿನ ಬೋಲ್ಟ್‌ಗಳು ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು, ಆಯಾ ಜಾಗದಲ್ಲಿ ತೂತು ಮಾಡಿ ಚುಚ್ಚಿಡಿ. ಪಂಪ್ ಕಳಚಿದ ತಕ್ಷಣ ಬ್ಲಾಕಿನಲ್ಲಿ ಉಳಿದ ಕೂಲಂಟ್ ದಬದಬ ಸುರಿಯುತ್ತದೆ, ಪಾತ್ರೆ ಕೆಳಗೇ ಇರಲಿ. ಹಳೆ ಪಂಪನ್ನು ಕೈಯಲ್ಲಿ ಹಿಡಿದು ಒಮ್ಮೆ ತಿರುಗಿಸಿ ನೋಡಿ. ಶಾಫ್ಟ್ ಅಲುಗಾಡಿದರೆ, ಒಳಗೆ ಮರಳು ಸಿಕ್ಕಂತೆ ಕರಕರ ಅಂದರೆ, ಮೈಮೇಲಿನ ಸಣ್ಣ ತೂತಿನಿಂದ ಕೂಲಂಟ್ ಇಳಿದು ಒಣಗಿದ ಬಿಳಿ ಅಥವಾ ಬಣ್ಣದ ಕಲೆ ಇದ್ದರೆ, ಸರಿಯಾದ ಹೊತ್ತಿಗೆ ಬಿಚ್ಚಿದ್ದೀರಿ. ಆ ತೂತು ಇರುವುದೇ ಸೀಲ್ ಸೋತಿದ್ದನ್ನು ತೋರಿಸಲು.

ಬ್ಲಾಕಿನ ಮೇಲಿನ ಹಳೆ ಗ್ಯಾಸ್ಕೆಟ್ ಚೂರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಚಾಕು ಹಾಕಿದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಅಲ್ಲಿಂದಲೇ ಸೋರಲು ಶುರು. ರಬ್ಬರ್ ಸೀಲ್ ಅಥವಾ ಪೇಪರ್ ಗ್ಯಾಸ್ಕೆಟ್ ಇದ್ದರೆ, ಮ್ಯಾನ್ಯುಯಲ್ ಹೇಳದ ಹೊರತು ಸೀಲಂಟ್ ಬಳಿಯಬೇಡಿ. ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಸಣ್ಣ 6 ಎಂಎಂ ಬೋಲ್ಟ್‌ಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಇನ್ನೂ ಒಂಚೂರು ಇರಲಿ ಅಂತ ಎಳೆದರೆ ಮರೆ (ಥ್ರೆಡ್) ಕಿತ್ತು ಬರುತ್ತದೆ. ಬೆಲ್ಟ್ ಓಡುವ ಜಾಗದಲ್ಲಿ ಚೆಲ್ಲಿದ ಕೂಲಂಟ್, ಎಣ್ಣೆ ಎಲ್ಲ ಒರೆಸಿ ಒಣಗಿಸಿ.

ಹೊಸ ಬೆಲ್ಟನ್ನು ಮಡಚಬೇಡಿ, ತಿರುಚಬೇಡಿ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಒಳಗಿನ ನಾರು ಮುರಿದರೆ ಹೊರಗೆ ಏನೂ ಕಾಣುವುದಿಲ್ಲ. ಬಾಣದ ಗುರುತಿದ್ದರೆ ಅದು ಎಂಜಿನ್ ತಿರುಗುವ ದಿಕ್ಕಿಗೆ ಇರಲಿ. ಕ್ರ್ಯಾಂಕ್‌ನಿಂದ ಶುರುಮಾಡಿ, ಟೆನ್ಷನರ್ ಇಲ್ಲದ ಬದಿಯನ್ನು ಎಳೆದು ಹಿಡಿದುಕೊಂಡು ಸುತ್ತುತ್ತಾ ಹೋಗಿ. ಇರುವ ಸಡಿಲವೆಲ್ಲ ಟೆನ್ಷನರ್ ಬದಿಗೇ ಬಂದು ಸೇರಬೇಕು. ಬೇರೆ ಕಡೆ ಸಡಿಲ ಉಳಿದರೆ, ಬಿಗಿ ಮಾಡಿದಾಗ ಕ್ಯಾಮ್ ಒಂದು ಹಲ್ಲು ಸರಿದಿರುತ್ತದೆ. ಟೆನ್ಷನರ್ ಬಿಡುವ ಕ್ರಮ ಎಂಜಿನ್‌ಗೆ ಎಂಜಿನ್‌ಗೆ ಬೇರೆ. ಕೆಲವದರಲ್ಲಿ ಸೂಜಿಯನ್ನು ಗುರುತಿಗೆ ತರಬೇಕು, ಕೆಲವದರಲ್ಲಿ ಪಿನ್ ಎಳೆದರೆ ತಾನೇ ಬಿಗಿಯಾಗುತ್ತದೆ.

ಲಾಕ್ ಪಿನ್‌ಗಳನ್ನೆಲ್ಲ ತೆಗೆದು, ಕ್ರ್ಯಾಂಕನ್ನು ಕೈಯಿಂದಲೇ ಪೂರ್ತಿ ಎರಡು ಸುತ್ತು ತಿರುಗಿಸಿ. ಎರಡು ಸುತ್ತಾದರೆ ಕ್ಯಾಮ್ ತನ್ನ ಒಂದು ಸುತ್ತು ಮುಗಿಸಿ ಹೊರಟಲ್ಲಿಗೇ ಬರುತ್ತದೆ. ಕಂಪ್ರೆಷನ್‌ನಿಂದ ಸ್ವಲ್ಪ ಬಿಗಿ ಬಂದು ಬಿಡುವುದು ಸಹಜ. ಆದರೆ ಲೋಹಕ್ಕೆ ಲೋಹ ತಾಗಿದಂತೆ ಗಟ್ಟಿಯಾಗಿ ನಿಂತರೆ ಅಲ್ಲೇ ಬಿಡಿ. ಒತ್ತಿದರೆ ವಾಲ್ವ್ ಬಾಗುತ್ತದೆ. ಎರಡು ಸುತ್ತಾದ ಮೇಲೆ ಲೋಹದ ಮೇಲಿನ ಗುರುತುಗಳೆಲ್ಲ ಮತ್ತೆ ನೇರ ಬಂದವಾ? ಟೆನ್ಷನರ್ ಸೂಜಿ ಜಾಗದಲ್ಲೇ ಇದೆಯಾ? ಒಂದು ಹಲ್ಲು ತಪ್ಪಿದ್ದರೂ ಬೆಲ್ಟ್ ತೆಗೆದು ಮತ್ತೆ ಹಾಕಿ. ‘ನಡೆಯುತ್ತೆ ಬಿಡು’ ಎನ್ನುವ ಜಾಗ ಇದಲ್ಲ.

ಉಳಿದದ್ದು ಬಿಚ್ಚಿದ್ದನ್ನು ಉಲ್ಟಾ ಕ್ರಮದಲ್ಲಿ, ಕೊನೆಗೆ ಬಿಚ್ಚಿದ್ದು ಮೊದಲು, ಜೋಡಿಸುವುದು. ಕ್ರ್ಯಾಂಕ್ ಬೋಲ್ಟ್ ಹೊಸದು ಹಾಕಬೇಕೆಂದು ಮ್ಯಾನ್ಯುಯಲ್ ಹೇಳಿದ್ದರೆ ಹಳೆಯದನ್ನು ಎಸೆಯಿರಿ. ಅದು ಒಮ್ಮೆ ಎಳೆದುಕೊಂಡರೆ ಮತ್ತೆ ಮೊದಲಿನ ಹಿಡಿತ ಕೊಡುವುದಿಲ್ಲ. ನಿಮ್ಮ ಕಾರಿಗೆ ಹೇಳಿದ ಕೂಲಂಟನ್ನೇ ತುಂಬಿ. ಬೆರೆಸುವ ಬಗೆಯದಾದರೆ ನಲ್ಲಿ ನೀರು ಬೇಡ, ಡಿಸ್ಟಿಲ್ಡ್ ನೀರು ಹಾಕಿ, ಸಾಮಾನ್ಯವಾಗಿ ಅರ್ಧಕ್ಕರ್ಧ. ಹೀಟರ್ ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಓಡಿಸಿ, ಒಳಗಿನ ಗಾಳಿ ಹೊರಗೆ ಹೋಗಲಿ. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ಬೆಲ್ಟ್ ಕಡೆಯಿಂದ ಕುಂಯ್ ಎಂಬ ಶಬ್ದ ಬಂದರೆ ಬಿಗಿ ಜಾಸ್ತಿಯಾಗಿರಬಹುದು, ಪಟಪಟ ಬಡಿದರೆ ಸಡಿಲ. ಎರಡರಲ್ಲಿ ಯಾವುದಾದರೂ ಎಂಜಿನ್ ಆಫ್ ಮಾಡಿ, ಕವರ್ ತೆಗೆದು ನೋಡಿ.

ಹಳೆ ಕೂಲಂಟನ್ನು ಚರಂಡಿಗೆ ಸುರಿಯಬೇಡಿ, ತೆರೆದ ಪಾತ್ರೆಯಲ್ಲೂ ಬಿಡಬೇಡಿ. ಅದು ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ಮತ್ತು ಅದು ವಿಷ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಇಂಥದ್ದನ್ನು ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಮರುದಿನ ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ, ಇಳಿದಿದ್ದರೆ ತುಂಬಿ. ಬೆಲ್ಟ್ ಬದಲಿಸಿದ ದಿನಾಂಕ, ಕಿಲೋಮೀಟರ್ ಎರಡನ್ನೂ ಚೀಟಿಯಲ್ಲಿ ಬರೆದು ಬಾನೆಟ್ ಒಳಬದಿಗೆ ಅಂಟಿಸಿ.