ರೋಗಿಯ ಉಸಿರಿಗೆ ತಕ್ಕ ಹಾಡು

ಅಕ್ಟೋಬರ್ 18, ಬೈಬಲ್ಲಿನ ಸುವಾರ್ತೆಯೊಂದನ್ನು ಬರೆದ, ವೈದ್ಯನಾಗಿದ್ದ ಲೂಕನ ದಿನ. ಅದಕ್ಕೆ ಹತ್ತಿರದ ಭಾನುವಾರ ಕೋಲಾರದ ನಮ್ಮ ಕ್ರೈಸ್ತ ಸಭೆಯಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸುವ ಸ್ವಸ್ಥತೆಯ ಆರಾಧನೆ ನಡೆಯುತ್ತದೆ. ಅದರ ಹಾಡುಗಳನ್ನು ಆರಿಸುವ ಕೆಲಸ ಹನ್ನೊಂದು ವರ್ಷಗಳಿಂದ ನನ್ನದು. ಮೆಥೋಡಿಸ್ಟ್ ಮಿಷನರಿಗಳು 1910ರಲ್ಲೇ ಆಸ್ಪತ್ರೆ ತೆರೆದ ಊರು ಇದು. ಔಷಧಿಗೂ ಪ್ರಾರ್ಥನೆಗೂ ಜಗಳವಿದೆ ಎಂದು ನಮ್ಮ ಹಿರಿಯರು ಹೇಳಿಕೊಟ್ಟಿಲ್ಲ. ಆ ದಿನ ಬರುವವರ ಕೈಚೀಲದಲ್ಲಿ ಮಾತ್ರೆಯ ಡಬ್ಬಿಯೂ ಇರುತ್ತದೆ, ಹಾಡಿನ ಪುಸ್ತಕವೂ ಇರುತ್ತದೆ.

ಮೊದಲ ವರ್ಷ ಹತ್ತು ಹಾಡು ಆರಿಸಿದ್ದೆ. ಗಾಯಕವೃಂದಕ್ಕೆ ಚೆನ್ನಾಗಿ ಬರುವವು, ಚಪ್ಪಾಳೆಗೆ ಒಗ್ಗುವವು, ಎಲ್ಲವೂ ಏರುದನಿಯವು. ಎರಡನೆಯ ಹಾಡಿನಲ್ಲಿ ಮೂರನೇ ಸಾಲಿನ ಅಜ್ಜಿಯೊಬ್ಬರ ಮೇಲೆ ಕಣ್ಣು ಬಿತ್ತು. ಅವರಿಗೆ ಆಸ್ತಮಾ. ಸ್ವರ ಮೇಲಕ್ಕೆ ಹೋದಾಗ ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಕುಳಿತರು. ಪುಸ್ತಕ ಮುಚ್ಚಿದರು, ಆದರೆ ಬೆರಳನ್ನು ಆ ಪುಟದಲ್ಲೇ ಸಿಕ್ಕಿಸಿಕೊಂಡಿದ್ದರು. ಆರಾಧನೆ ಮುಗಿಯುವವರೆಗೂ ಆ ಬೆರಳು ಅಲ್ಲೇ ಇತ್ತು. ಯಾರಿಗಾಗಿ ಸೇರಿದ್ದೆವೋ ಅವರನ್ನೇ ನಾನು ಹೊರಗೆ ನಿಲ್ಲಿಸಿದ್ದೆ.

ಆ ರಾತ್ರಿ ಬೈಬಲ್ಲಿನಲ್ಲಿ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ ತೆರೆದೆ. ಹದಿನಾಲ್ಕನೆಯ ವಚನ ಎಲ್ಲರಿಗೂ ಬಾಯಿಪಾಠ: ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ. ಅದರ ಹಿಂದಿನ ವಚನವನ್ನು ನಾನು ಗಮನಿಸಿಯೇ ಇರಲಿಲ್ಲ. ಹಾಡಬೇಕೆಂದು ಅಲ್ಲಿ ಹೇಳಿರುವುದು ಸಂತೋಷದಲ್ಲಿ ಇರುವವನಿಗೆ. ರೋಗಿ ಕರೆಸಿದರೆ ಸಾಕು. ಹಾಡಿನ ಭಾರ ಹೊರಬೇಕಾದವರು ನಾವು, ಆರೋಗ್ಯವಂತರು. ಅವರಿಗೆ ಆದಾಗ ಸೇರಿಕೊಳ್ಳುವಂತೆ ಬಾಗಿಲು ತೆರೆದಿರಬೇಕು, ಅಷ್ಟೇ.

ಅಂದಿನಿಂದ ನನ್ನ ಪರೀಕ್ಷೆ ಒಂದೇ. ನಮ್ಮ ಮನೆಯ ಮಹಡಿ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿದು, ಏದುಸಿರು ಅಡಗುವ ಮುನ್ನವೇ ಕುಳಿತು ಪಲ್ಲವಿ ಹಾಡಿ ನೋಡುತ್ತೇನೆ. ಸಾಲಿನ ನಡುವೆ ಉಸಿರು ಮುರಿದರೆ ಆ ಹಾಡು ಆ ದಿನಕ್ಕಲ್ಲ. ಶ್ರುತಿಯನ್ನು ಸಾಮಾನ್ಯ ಭಾನುವಾರಕ್ಕಿಂತ ತಗ್ಗಿಸುತ್ತೇನೆ. ಜಿ ಯಲ್ಲಿ ಹಾಡುವುದನ್ನು ಇ ಗೆ ಇಳಿಸಿದರೆ ಗಾಯಕವೃಂದದ ಹುಡುಗಿಯರು ಮುಖ ಸಣ್ಣ ಮಾಡುತ್ತಾರೆ, ಆದರೆ ಹಿಂದಿನ ಬೆಂಚುಗಳಿಂದ ದನಿ ಏಳುತ್ತದೆ. ಡ್ರಮ್ ಪ್ಯಾಡ್ ಬೇಡ. ಹಾರ್ಮೋನಿಯಂ ಸಾಕು, ಕರೆಂಟ್ ಹೋದರೂ ಅದು ನಿಲ್ಲದು. 'ಎದ್ದು ನಿಂತು ಹಾಡೋಣ' ಎಂಬ ಮಾತನ್ನು ಸಭಾಪಾಲಕರೂ ಅಂದು ಆಡುವುದಿಲ್ಲ.

ಎಣ್ಣೆ ಹಚ್ಚುವ ಹೊತ್ತು ಎಲ್ಲಕ್ಕಿಂತ ಕಷ್ಟದ್ದು. ನಲವತ್ತು ಜನ ಮುಂದೆ ಬಂದರೆ, ಒಬ್ಬೊಬ್ಬರಿಗೆ ಒಂದು ನಿಮಿಷವೆಂದರೂ ನಲವತ್ತು ನಿಮಿಷ. ಮೊದಲೆಲ್ಲ ಅಷ್ಟಕ್ಕೂ ಹಾಡು ತುಂಬುತ್ತಿದ್ದೆ. ಹಾಡಿನ ಅಬ್ಬರದಲ್ಲಿ ರೋಗಿ ಮೆಲ್ಲಗೆ ಹೇಳಿಕೊಳ್ಳುವ ಸಂಕಟ ಸಭಾಪಾಲಕರ ಕಿವಿಗೇ ಬೀಳುತ್ತಿರಲಿಲ್ಲ. ಈಗ ಒಂದು ಪಲ್ಲವಿ, ಆಮೇಲೆ ಬರಿಯ ಹಾರ್ಮೋನಿಯಂ, ಆಮೇಲೆ ಮೌನ, ಮತ್ತೆ ಅದೇ ಪಲ್ಲವಿ. ಬೈಬಲ್ಲಿನಲ್ಲಿ ಅರಸ ಸೌಲನ ಸಂಕಟ ತಣಿದದ್ದು ದಾವೀದನು ಕಿನ್ನರಿ ನುಡಿಸಿದಾಗ. ಸಮುವೇಲನ ಪುಸ್ತಕ ಅಲ್ಲಿ ಹಾಡಿನ ಮಾತೆತ್ತುವುದಿಲ್ಲ, ತಂತಿಯ ನಾದವನ್ನಷ್ಟೇ ಹೇಳುತ್ತದೆ. ಇದನ್ನು ತಂಡಕ್ಕೆ ಪ್ರತಿ ವರ್ಷ ಓದಿ ಹೇಳುತ್ತೇನೆ.

ಒಂದು ದೂರಿನ ಕೀರ್ತನೆಯೂ ಇರಲೇಬೇಕೆಂದು ಹಟ ಹಿಡಿದಿದ್ದೇನೆ. 'ಎಷ್ಟು ಕಾಲ' ಎಂದು ಎರಡೇ ವಚನಗಳಲ್ಲಿ ನಾಲ್ಕು ಸಲ ದೇವರನ್ನು ಕೇಳುವ ಬೈಬಲ್ಲಿನ 13ನೆಯ ಕೀರ್ತನೆಯನ್ನು ರಾಗವಿಲ್ಲದೆ ಓದಿಸುತ್ತೇವೆ. 'ಅಳಿಸುವುದೇಕೆ' ಎಂದು ಕೆಲವರು ಆಕ್ಷೇಪಿಸಿದರು. ಅಳು ಮೊದಲೇ ಅಲ್ಲಿ ಕುಳಿತಿರುತ್ತದೆ. ಎಲ್ಲ ಹಾಡೂ 'ಗುಣವಾಯಿತು' ಎಂದೇ ಕೂಗಿದರೆ, ಗುಣವಾಗದೆ ಮನೆಗೆ ಹೋಗುವವರು ತಮ್ಮ ನಂಬಿಕೆಯೇ ಸಾಲದೆಂದು ಕೊರಗುತ್ತಾರೆ. ಅದನ್ನು ನನ್ನಿಂದ ನೋಡಲಾಗುವುದಿಲ್ಲ.

ಹೊಸ ಹಾಡನ್ನು ಅಂದು ಕಲಿಸುವುದಿಲ್ಲ. ನಮ್ಮ ಸಭೆಗೆ ತೆಲುಗು, ತಮಿಳು ಮನೆಮಾತಿನವರೂ ಬರುತ್ತಾರೆ. ಕಾಯಿಲೆಯಲ್ಲಿ ನಾಲಿಗೆ ಹುಡುಕುವುದು ಬಾಲ್ಯದ ಹಾಡನ್ನು. ಹಾಗಾಗಿ ಮೂರು ಭಾಷೆಗಳಲ್ಲೂ ಒಂದೇ ರಾಗಕ್ಕೆ ಕೂರುವ ಹಳೆಯ ಹಾಡೊಂದನ್ನು ಇಟ್ಟು, ಅವರವರ ಮಾತಿನಲ್ಲಿ ಹಾಡಲು ಬಿಡುತ್ತೇವೆ.

ಟಮಕದ ಕಡೆಯಿಂದ ಬರುವ ಒಬ್ಬರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಹೆಂಡತಿಯ ಹೆಸರು ಹೇಳಲೂ ಆಗುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಆ ಹಳೆಯ ಹಾಡಿನ ಪಲ್ಲವಿ ಬಂದಾಗ ಅವರ ತುಟಿ ಅಲುಗಿತು. ಎರಡನೆಯ ಸಲಕ್ಕೆ ಪದಗಳು ಬಂದವು, ಒಂದೂ ತಪ್ಪಿಲ್ಲದೆ. ಅವರ ಹೆಂಡತಿ ಹಾಡುವುದನ್ನು ನಿಲ್ಲಿಸಿ ಅವರ ಬಾಯನ್ನೇ ನೋಡುತ್ತಿದ್ದರು. ಮಾತು ಹೋದವರಿಗೂ ಹಾಡು ಉಳಿದಿರುವುದುಂಟು, ಮಾತಿಗೆ ಹೆಚ್ಚಾಗಿ ಮೆದುಳಿನ ಎಡಭಾಗ ಬೇಕು, ರಾಗಕ್ಕೆ ಬಲಭಾಗವೂ ದುಡಿಯುತ್ತದೆ ಎಂದು ನಮ್ಮ ಸಭೆಯ ನರ್ಸ್ ಒಬ್ಬರು ವಿವರಿಸಿದರು. ನಾನು ದೇವರಿಗೆ ಸ್ತೋತ್ರ ಹೇಳಿದೆ. ಎರಡೂ ನನಗೆ ಒಂದೇ ಮಾತಾಗಿ ಕೇಳಿಸಿತು.

ಅವರಿಗೆ ಈಗಲೂ ಮಾತು ಸರಿಯಾಗಿ ಬಾರದು. ಈ ವರ್ಷದ ಪಟ್ಟಿಯಲ್ಲಿ ಆ ಹಾಡನ್ನು ಎರಡು ಕಡೆ ಬರೆದಿದ್ದೇನೆ, ಆರಂಭದಲ್ಲಿ ಒಮ್ಮೆ, ಎಣ್ಣೆ ಹಚ್ಚುವಾಗ ಅವರ ಸಾಲು ಮುಂದೆ ಬರುವ ಹೊತ್ತಿಗೆ ಇನ್ನೊಮ್ಮೆ.