ಸಣ್ಣ ಅಡುಗೆಮನೆಗೆ ಯಾವ ಮಿಕ್ಸಿ? ನ್ಯೂಜೆರ್ಸಿಗೆ ಹೊಸದಾಗಿ ಬಂದವರಿಗೆ

ನೀವು ಇನ್ನೂ ಊರಲ್ಲೇ ಇದ್ದು, ಸೂಟ್‌ಕೇಸ್ ಕಟ್ಟುತ್ತಾ ಇದನ್ನು ಓದುತ್ತಿದ್ದರೆ ಮೊದಲ ಮಾತು ಇದು: ಮನೆಯ ಮಿಕ್ಸಿಯನ್ನು ಅಲ್ಲೇ ಬಿಟ್ಟು ಬನ್ನಿ. ಅದು ಎಷ್ಟೇ ಚೆನ್ನಾಗಿರಲಿ, ಅಮ್ಮ ಎಷ್ಟೇ ಒತ್ತಾಯ ಮಾಡಲಿ. ಜಾರ್‌ಗಳ ಸಮೇತ ಅದು ನಾಲ್ಕೈದು ಕಿಲೋ ತೂಗುತ್ತದೆ. 23 ಕಿಲೋ ಬ್ಯಾಗಿನಲ್ಲಿ ಅಷ್ಟು ಜಾಗಕ್ಕೆ ಮನೆಯ ಸಾರಿನ ಪುಡಿ, ಬ್ಯಾಡಗಿ ಮೆಣಸಿನಕಾಯಿ, ಮಕ್ಕಳ ಕನ್ನಡ ಪುಸ್ತಕ ಎಲ್ಲಾ ಹಿಡಿಯುತ್ತವೆ.

ಕಾರಣ ಕರೆಂಟು. ಭಾರತದ ಮನೆಗಳಲ್ಲಿ ಬರುವುದು 230 ವೋಲ್ಟ್, 50 ಹರ್ಟ್ಸ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಮಿಕ್ಸಿಯ ಮೋಟರಿಗೆ ಹರ್ಟ್ಸ್ ಬದಲಾದರೆ ಅಷ್ಟು ತೊಂದರೆ ಇಲ್ಲ. ವೋಲ್ಟ್ ಬದಲಾದರೆ ತೊಂದರೆ. ವೋಲ್ಟ್ ಅರ್ಧಕ್ಕೆ ಇಳಿದಾಗ ಶಕ್ತಿ ಅರ್ಧದಲ್ಲಿ ನಿಲ್ಲುವುದಿಲ್ಲ, ಹೆಚ್ಚುಕಡಿಮೆ ಕಾಲು ಭಾಗಕ್ಕೆ ಬರುತ್ತದೆ. ನಾನು ಬಂದ ಹೊಸತರಲ್ಲಿ ಇದು ತಿಳಿದಿರಲಿಲ್ಲ. ಪಿನ್ನಿನ ಆಕಾರ ಬದಲಿಸುವ ಚಿಕ್ಕ ಅಡಾಪ್ಟರ್ ಸಿಕ್ಕಿಸಿ ಊರಿನ ಮಿಕ್ಸಿ ಹಚ್ಚಿದೆ. ಬ್ಲೇಡು ಸುಮ್ನೆ ಮೆಲ್ಲಗೆ ತಿರುಗಿತು. ಕಾಯಿತುರಿ ಹಾಕಿದಂತೆಯೇ ಇತ್ತು. ಐದು ನಿಮಿಷಕ್ಕೆ ಮೋಟರಿನಿಂದ ಸುಟ್ಟ ವಾಸನೆ ಬಂತು. ಅಡಾಪ್ಟರ್ ಬದಲಿಸುವುದು ಪಿನ್ನನ್ನು ಮಾತ್ರ, ವೋಲ್ಟನ್ನು ಅಲ್ಲ.

ನಿಮ್ಮ ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗಳ ಮೇಲೆ 100-240 ಎಂದು ಬರೆದಿರುತ್ತದೆ. ಅವು ಎಲ್ಲಾ ಕಡೆ ನಡೆಯುತ್ತವೆ. ಮಿಕ್ಸಿಯನ್ನು ಮಗುಚಿ ಕೆಳಗಿನ ಚೀಟಿ ನೋಡಿ. ಅಲ್ಲಿ 230 ಎಂದು ಮಾತ್ರ ಇದ್ದರೆ ಇಲ್ಲಿ ನಡೆಯುವುದಿಲ್ಲ.

"ಟ್ರಾನ್ಸ್‌ಫಾರ್ಮರ್ ಹಾಕಿದರೆ ಆಗುತ್ತಲ್ವಾ?" ಎಂದು ಬಹಳ ಜನ ಕೇಳುತ್ತಾರೆ. ಆಗುತ್ತದೆ. ಆದರೆ ಮೋಟರು ಶುರುವಾಗುವಾಗ ಜಾಸ್ತಿ ಕರೆಂಟು ಎಳೆಯುತ್ತದೆ. ಹಾಗಾಗಿ 750 ವ್ಯಾಟ್ ಮಿಕ್ಸಿಗೆ 1500 ವ್ಯಾಟಿನ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳುವುದು ಕ್ಷೇಮ. ಅದು ಮಿಕ್ಸಿಗಿಂತ ಭಾರ, ಕಟ್ಟೆಯ ಮೇಲೆ ಮಿಕ್ಸಿಯಷ್ಟೇ ಜಾಗ ತಿನ್ನುತ್ತದೆ. ಸಣ್ಣ ಅಡುಗೆಮನೆಯಲ್ಲಿ ಎರಡು ಮಿಕ್ಸಿ ಇಟ್ಟ ಹಾಗೆ. ಇನ್ನು ಅಂಗೈಯಷ್ಟು ಹಗುರವಾದ ಟ್ರಾವೆಲ್ ಕನ್ವರ್ಟರ್ ಸಿಗುತ್ತದೆ. ಅವುಗಳಲ್ಲಿ ಬಹಳಷ್ಟು ಹೇರ್ ಡ್ರೈಯರ್‌ನಂಥ ಬಿಸಿಯಾಗುವ ವಸ್ತುಗಳಿಗೆ ಮಾಡಿದ್ದು. ಮೋಟರಿಗೆ ಹಾಕಬೇಡಿ.

ದಿನಾ ಏನು ರುಬ್ಬುತ್ತೀರಿ?

ಅಂಗಡಿಗೆ ಹೋಗುವ ಮೊದಲು ಈ ಪ್ರಶ್ನೆಯನ್ನು ಮನೆಯಲ್ಲಿ ಕೂತು ಕೇಳಿಕೊಳ್ಳಿ. ಹೆಚ್ಚಿನವರು ದೊಡ್ಡ ಕೆಲಸ ನೋಡಿ ಮಿಕ್ಸಿ ಕೊಳ್ಳುತ್ತಾರೆ: ಹತ್ತು ಜನಕ್ಕೆ ದೋಸೆಹಿಟ್ಟು, ಒಂದು ಕಿಲೋ ಚಟ್ನಿಪುಡಿ. ನನ್ನ ಅನುಭವ ಬೇರೆ. ಮಿಕ್ಸಿಯನ್ನು ಕೊಳ್ಳಬೇಕಾದ್ದು ದಿನಾ ಮಾಡುವ ಅತಿ ಚಿಕ್ಕ ಕೆಲಸ ನೋಡಿ. ಇಬ್ಬರಿಗೆ ಅರ್ಧ ಬಟ್ಟಲು ಕಾಯಿಚಟ್ನಿ. ಹುಳಿಗೆ ನಾಲ್ಕು ಚಮಚ ಮಸಾಲೆ. ಒಂದು ಹಿಡಿ ಶೇಂಗಾ. ತಂಬುಳಿಗೆ ಒಂದಿಷ್ಟು ಸೊಪ್ಪು, ಜೀರಿಗೆ. ಇದನ್ನು ನುಣ್ಣಗೆ ಮಾಡುವ ಯಂತ್ರ ದೊಡ್ಡ ಕೆಲಸವನ್ನೂ ನಾಲ್ಕು ಸಲ ಹಾಕಿ ಮಾಡುತ್ತದೆ. ದೊಡ್ಡ ಕೆಲಸಕ್ಕೆಂದೇ ತಂದ ಯಂತ್ರದಲ್ಲಿ ಅರ್ಧ ಬಟ್ಟಲು ಚಟ್ನಿ ಆಗುವುದೇ ಇಲ್ಲ.

ಯಾಕೆ ಆಗುವುದಿಲ್ಲ? ಇಲ್ಲಿನ ದೊಡ್ಡ ಬ್ಲೆಂಡರಿನ ಜಾರು ಎತ್ತರ, ಬ್ಲೇಡು ತಳದಿಂದ ಸ್ವಲ್ಪ ಮೇಲೆ. ಹಾಲು, ಹಣ್ಣು, ಐಸ್ ತುಂಬಾ ಹಾಕಿದಾಗ ಒಳಗೆ ಸುಳಿ ಏಳುತ್ತದೆ, ಎಲ್ಲವೂ ಕೆಳಗೆ ಬಂದು ಬ್ಲೇಡಿಗೆ ಸಿಗುತ್ತದೆ. ಅರ್ಧ ಬಟ್ಟಲು ಕಾಯಿ, ಹುರಿಗಡಲೆ ಹಾಕಿದರೆ ಸುಳಿ ಏಳಲು ನೀರೇ ಸಾಲದು. ಒಂದೇ ಸುತ್ತಿನಲ್ಲಿ ಎಲ್ಲಾ ಗೋಡೆಗೆ ಅಂಟಿ ಕೂರುತ್ತದೆ. ನೀವು ನೀರು ಸೇರಿಸುತ್ತಾ ಹೋಗುತ್ತೀರಿ, ಕೊನೆಗೆ ಚಟ್ನಿ ಮಜ್ಜಿಗೆಯಷ್ಟು ತೆಳ್ಳಗಾಗುತ್ತದೆ. ನಮ್ಮ ಮಿಕ್ಸಿಯ ಚಟ್ನಿ ಜಾರು ಅರ್ಧ ಲೀಟರಿಗಿಂತ ಚಿಕ್ಕದು. ಬ್ಲೇಡು ತಳಕ್ಕೆ ಹತ್ತಿರ ಕೂತಿರುತ್ತದೆ. ಬಹಳಷ್ಟು ಜಾರ್‌ಗಳ ಗೋಡೆಯಲ್ಲಿ ಉದ್ದಕ್ಕೆ ಉಬ್ಬುಗೆರೆ ಇರುತ್ತದೆ. ಅದು ಅಂಟಿದ್ದನ್ನು ಮತ್ತೆ ಬ್ಲೇಡಿನ ಕಡೆ ತಳ್ಳುತ್ತದೆ. ವ್ಯಾಟಿಗಿಂತ ಈ ಆಕಾರ ಮುಖ್ಯ.

ಇದು ಹೊಸ ಸಮಸ್ಯೆ ಅಲ್ಲ. ಹೊರದೇಶದ ಮಿಕ್ಸರ್ ನಮ್ಮ ಮಸಾಲೆಗೆ ತಡೆಯದೆ ಕೆಟ್ಟಿದ್ದಕ್ಕೇ ಮುಂಬೈನ ಸತ್ಯಪ್ರಕಾಶ್ ಮಾಥುರ್ 1963ರಲ್ಲಿ ಸುಮೀತ್ ಮಿಕ್ಸಿ ತಂದಿದ್ದು. ಅರವತ್ತು ವರ್ಷದ ಮೇಲೂ ಆ ಕಾರಣ ಹಾಗೇ ಇದೆ.

ನಮ್ಮ ಸಲಹೆ

ಮನೆಯಲ್ಲಿ ದಿನಾ ನಮ್ಮ ಅಡುಗೆ ಆಗುವುದಾದರೆ 110 ವೋಲ್ಟಿನ ಭಾರತೀಯ ಮಿಕ್ಸಿ ಕೊಳ್ಳಿ. ಅಮೆರಿಕಕ್ಕೆಂದೇ ಮಾಡಿದ ಮಾದರಿಗಳಿವೆ. ಪ್ರೀತಿ ಕಂಪನಿಯ 550 ವ್ಯಾಟಿನ ಇಕೋ ಸರಣಿ ಇಲ್ಲಿನ ಬಹಳ ಮನೆಗಳಲ್ಲಿದೆ. ಬೇರೆ ಕಂಪನಿಗಳದ್ದೂ ಸಿಗುತ್ತವೆ. ಮೇಲೆ 110 ಎಂದಿದ್ದರೂ ನಮ್ಮ 120 ವೋಲ್ಟಿಗೆ ಅದೇ ಸರಿ. ಎಡಿಸನ್, ಐಸೆಲಿನ್ ಕಡೆಯವರು ಓಕ್ ಟ್ರೀ ರಸ್ತೆಯಲ್ಲಿ, ಜರ್ಸಿ ಸಿಟಿಯವರು ಜರ್ನಲ್ ಸ್ಕ್ವೇರ್ ಹತ್ತಿರದ ನ್ಯೂವಾರ್ಕ್ ಅವೆನ್ಯೂದಲ್ಲಿ ವಿಚಾರಿಸಿ. ಆನ್‌ಲೈನಿನಲ್ಲಿ ತರಿಸುವುದಾದರೆ ವೋಲ್ಟನ್ನು ಎರಡು ಸಲ ಓದಿ. ಒಂದೇ ಹೆಸರಿನ ಮಿಕ್ಸಿ 230ರಲ್ಲೂ 110ರಲ್ಲೂ ಬರುತ್ತದೆ, ಚಿತ್ರ ಒಂದೇ ಇರುತ್ತದೆ. ಊರಲ್ಲೇ 110ರ ಮಾದರಿ ಕೊಂಡು ತರುವವರಿದ್ದಾರೆ. ತಂದರೆ ಜಾರ್‌ಗಳನ್ನು ಚೆಕ್-ಇನ್ ಬ್ಯಾಗಿನಲ್ಲೇ ಹಾಕಿ. ಬ್ಲೇಡು ಕ್ಯಾಬಿನ್ನಿನಲ್ಲಿ ಬಿಡುವುದಿಲ್ಲ. ಆದರೆ ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆ ಎಂದುಕೊಳ್ಳಬೇಡಿ.

ಇದೇ ಮಿಕ್ಸಿಯನ್ನು ಮುಂದೆ ಊರಿಗೆ ಒಯ್ಯುವ ಆಸೆ ಬೇಡ. 230 ವೋಲ್ಟಿಗೆ ಸಿಕ್ಕಿಸಿದ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಒಬ್ಬರೇ ಇದ್ದೀರಿ, ಅಥವಾ ಆರು ತಿಂಗಳ ಪ್ರಾಜೆಕ್ಟಿಗೆ ಬಂದಿದ್ದೀರಿ ಎಂದರೆ ಬುಲೆಟ್ ಮಾದರಿಯ ಚಿಕ್ಕ ಬ್ಲೆಂಡರು ಸಾಕು. ಕಪ್ಪಿಗೆ ಹಾಕಿ, ಬ್ಲೇಡಿನ ಮುಚ್ಚಳ ತಿರುಗಿಸಿ, ಮಗುಚಿ ಒತ್ತುವುದು. ನ್ಯೂಟ್ರಿಬುಲೆಟ್ ಇದೇ ಜಾತಿ, ಅದರ ಸಾಮಾನ್ಯ ಮಾದರಿ 600 ವ್ಯಾಟ್. ಕಪ್ಪು ಮಗುಚಿರುವುದರಿಂದ ವಸ್ತು ತಾನಾಗಿ ಬ್ಲೇಡಿನ ಮೇಲೆ ಬೀಳುತ್ತದೆ. ಸ್ವಲ್ಪ ನೀರು ಸೇರಿಸಿ, ನಡುವೆ ತೆಗೆದು ಕುಲುಕಿದರೆ ಚಟ್ನಿ ಪರವಾಗಿಲ್ಲ ಎನ್ನುವಷ್ಟು ಆಗುತ್ತದೆ. ಕಡಲೆಬೇಳೆ, ಕೊತ್ತಂಬರಿ ಬೀಜದಂಥ ಒಣ ಪದಾರ್ಥ ಪುಡಿ ಮಾಡಬೇಕಿದ್ದರೆ ಚಪ್ಪಟೆ ಬ್ಲೇಡು ಬೇರೆ ಇದೆಯೇ ನೋಡಿ ಕೊಳ್ಳಿ. ಒಂದು ನಿಮಿಷಕ್ಕಿಂತ ಜಾಸ್ತಿ ಒಂದೇ ಸಮ ಓಡಿಸಬಾರದು. ದೋಸೆಹಿಟ್ಟಿನ ಆಸೆ ಇಟ್ಟುಕೊಳ್ಳಬೇಡಿ. ಪ್ಲಾಸ್ಟಿಕ್ ಕಪ್ಪಿಗೆ ಅರಿಶಿನದ ಬಣ್ಣ, ಇಂಗು ಬೆಳ್ಳುಳ್ಳಿಯ ವಾಸನೆ ಹಿಡಿದರೆ ಬಿಡುವುದಿಲ್ಲ. ಹಣ್ಣಿನ ಜ್ಯೂಸಿಗೆ ಒಂದು, ಮಸಾಲೆಗೆ ಒಂದು ಕಪ್ಪು ಬೇರೆ ಮಾಡಿ.

ಬುಲೆಟ್ ಇಟ್ಟುಕೊಂಡವರು ಈ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ಬಿಸಿ ಪದಾರ್ಥವನ್ನು ಅದರಲ್ಲಿ ಹಾಕಲೇಬೇಡಿ. ಕಪ್ಪು ಪೂರ್ತಿ ಮುಚ್ಚಿರುತ್ತದೆ, ಹಬೆ ಹೋಗಲು ದಾರಿ ಇಲ್ಲ. ಈಗಷ್ಟೇ ಬಾಡಿಸಿದ ಈರುಳ್ಳಿ ಟೊಮೆಟೊ ಹಾಕಿ ಓಡಿಸಿದರೆ ಒತ್ತಡ ಏರಿ ಕಪ್ಪು ಸಿಡಿಯಬಹುದು, ಕೈ ಮುಖ ಸುಡುತ್ತದೆ. ತಟ್ಟೆಯಲ್ಲಿ ಹರಡಿ, ಮುಟ್ಟಿ ನೋಡಿ, ಪೂರ್ತಿ ಆರಿದ ಮೇಲೆ ಹಾಕಿ. ಕೆಲಸದಿಂದ ಬಂದು ಅವಸರದಲ್ಲಿ ಅಡುಗೆ ಮಾಡುವವರು ಹೆಚ್ಚು ಜಾಗ್ರತೆ ಇರಬೇಕು.

ವೀಟಾಮಿಕ್ಸ್‌ನಂಥ ದೊಡ್ಡ ಬ್ಲೆಂಡರು ಗಟ್ಟಿ ಯಂತ್ರ, ಬೆಲೆಯೂ ಜಾಸ್ತಿ. ದಿನಾ ಸ್ಮೂದಿ ಕುಡಿಯುವ ಮನೆಗೆ ಸರಿ. ಮೊದಲ ವರ್ಷ ನಿಮಗೆ ಅದು ಬೇಡ.

ಟೇಪು ಹಿಡಿದು ಅಳೆಯಿರಿ

ಇಲ್ಲಿನ ಅಡುಗೆಮನೆಗಳಲ್ಲಿ ಕಟ್ಟೆಗೂ ಮೇಲಿನ ಕಪಾಟಿಗೂ ನಡುವೆ ಸಾಮಾನ್ಯವಾಗಿ 18 ಇಂಚು ಇರುತ್ತದೆ. ವೀಟಾಮಿಕ್ಸ್ 5200ರ ಎತ್ತರ ಜಾರು ಸೇರಿ ಇಪ್ಪತ್ತೂವರೆ ಇಂಚು. ಅಂದರೆ ಕಪಾಟಿನ ಕೆಳಗೆ ಹೋಗುವುದಿಲ್ಲ, ಪ್ರತಿ ಸಲ ಮುಂದಕ್ಕೆ ಎಳೆಯಬೇಕು. ಬುಲೆಟ್ಟು, ನಮ್ಮ ಮಿಕ್ಸಿ ಕೆಳಗೆ ಕೂರುತ್ತವೆ. ಆದರೆ ಮಿಕ್ಸಿಯ ದೊಡ್ಡ ಜಾರನ್ನು ಹಚ್ಚುವಾಗ ಮೇಲಿಂದ ಇಳಿಸಬೇಕಲ್ವಾ, ಆ ಎತ್ತರವನ್ನೂ ಲೆಕ್ಕ ಹಾಕಿ.

ಮಿಕ್ಸಿಯನ್ನು ಕಪಾಟಿನೊಳಗೆ ಇಡುವ ಯೋಚನೆ ಮಾಡಬೇಡಿ. ದಿನಾ ಎತ್ತಿ ಇಳಿಸುವುದು ಎರಡು ವಾರ ನಡೆಯುತ್ತದೆ. ಆಮೇಲೆ ಡಬ್ಬಿಯ ಚಟ್ನಿ ಮನೆಗೆ ಬರುತ್ತದೆ. ಮಿಕ್ಸಿಗೆ ಕಟ್ಟೆಯ ಮೇಲೆ ಒಂದು ಕಾಯಂ ಮೂಲೆ ಕೊಡಿ. ಜಾರ್‌ಗಳನ್ನು ಒಳಗಿಡಿ. ಮೂರು ಜಾರಿನಲ್ಲಿ ಮಧ್ಯದ್ದನ್ನು ಬಹಳ ಜನ ಮುಟ್ಟುವುದೇ ಇಲ್ಲ. ಜಾಗ ಇಲ್ಲದಿದ್ದರೆ ಅದನ್ನು ಅಟ್ಟಕ್ಕೆ ಹಾಕಿ.

ಆ ಮೂಲೆ ಆರಿಸುವಾಗ ಪ್ಲಗ್ ಪಾಯಿಂಟನ್ನೂ ನೋಡಿ. ಅಡುಗೆಮನೆಯ ಒಂದು ಲೈನಿಗೆ 15 ಇಲ್ಲವೇ 20 ಆಂಪಿಯರ್ ಮಿತಿ ಇರುತ್ತದೆ, ಅಂದರೆ 1800 ಇಲ್ಲವೇ 2400 ವ್ಯಾಟ್. ಕೆಟಲ್ ಒಂದೇ 1500 ವ್ಯಾಟ್ ಎಳೆಯುತ್ತದೆ. ಅದೇ ಲೈನಿನಲ್ಲಿ ರೈಸ್ ಕುಕ್ಕರು, ಮಿಕ್ಸಿ ಒಟ್ಟಿಗೆ ಹಾಕಿದರೆ ಬ್ರೇಕರ್ ಟ್ರಿಪ್ ಆಗಿ ಆ ಲೈನಿನ ಕರೆಂಟು ಹೋಗುತ್ತದೆ. ಹೆದರಬೇಡಿ. ಒಂದನ್ನು ಆಫ್ ಮಾಡಿ, ಮನೆಯ ಎಲೆಕ್ಟ್ರಿಕ್ ಪೆಟ್ಟಿಗೆಯಲ್ಲಿ ಬಿದ್ದ ಸ್ವಿಚ್ಚನ್ನು ಪೂರ್ತಿ ಆಫ್ ಕಡೆಗೆ ಒತ್ತಿ ಮತ್ತೆ ಆನ್ ಮಾಡಿ. ಸಿಂಕಿನ ಹತ್ತಿರದ ಪಾಯಿಂಟಿನಲ್ಲಿ ಟೆಸ್ಟ್, ರೀಸೆಟ್ ಎಂಬ ಎರಡು ಗುಂಡಿ ಇರುತ್ತವೆ. ನೀರಿನ ಹತ್ತಿರ ಶಾಕ್ ಹೊಡೆಯದಂತೆ ಕಾಯುವ ವ್ಯವಸ್ಥೆ ಅದು. ಕರೆಂಟು ಹೋದರೆ ಮೊದಲು ಒದ್ದೆ ಒರೆಸಿ, ಆಮೇಲೆ ರೀಸೆಟ್ ಒತ್ತಿ. ಎಲ್ಲವೂ ಸರಿಯಿದ್ದು ಮಿಕ್ಸಿ ಮಾತ್ರ ನಿಂತಿದ್ದರೆ ಅದರ ತಳದಲ್ಲಿರುವ ಚಿಕ್ಕ ಓವರ್‌ಲೋಡ್ ಗುಂಡಿ ನೋಡಿ. ಐದಾರು ನಿಮಿಷ ಆರಲು ಬಿಟ್ಟು ಒಳಕ್ಕೆ ಒತ್ತಿದರೆ ಸಾಕು. ಇದು ಗೊತ್ತಿಲ್ಲದೆ ಚೆನ್ನಾಗಿದ್ದ ಮಿಕ್ಸಿಯನ್ನು ಕಸಕ್ಕೆ ಹಾಕಿದವರನ್ನು ನೋಡಿ ನನಗೆ ಬೇಜಾರಾಗಿದೆ.

ಶಬ್ದದ ಮಾತು

ನಮ್ಮ ಮಿಕ್ಸಿಯ ಗಲಾಟೆ ಊರಿನ ಕಾಂಕ್ರೀಟು ಮನೆಯಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಇಲ್ಲಿನ ಎಷ್ಟೋ ಅಪಾರ್ಟ್‌ಮೆಂಟುಗಳು ಮರದ ಚೌಕಟ್ಟಿನವು, ಶಬ್ದ ನೆಲದಿಂದ ಕೆಳಗಿನ ಮನೆಗೆ ಹೋಗುತ್ತದೆ. ನಿಮ್ಮ ಬಾಡಿಗೆ ಪತ್ರದಲ್ಲಿ ನಿಶ್ಶಬ್ದದ ಸಮಯ ಎಂದು ಬರೆದಿರಬಹುದು, ಓದಿ ನೋಡಿ. ಮಿಕ್ಸಿಯ ಕೆಳಗೆ ದಪ್ಪ ಟವೆಲ್ ಮಡಿಸಿ ಇಡಿ. ತಳದ ಗಾಳಿ ಕಿಂಡಿ ಮುಚ್ಚದಂತೆ ಇಡಿ, ಇಲ್ಲದಿದ್ದರೆ ಮೋಟರು ಕಾಯುತ್ತದೆ. ಬೆಳಗಿನ ಚಟ್ನಿಗೆ ರಾತ್ರಿ ಎಂಟಕ್ಕೇ ಕಾಯಿ ರುಬ್ಬಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಒಗ್ಗರಣೆ ಮಾತ್ರ ಉಳಿಯುತ್ತದೆ.

ಇಲ್ಲಿನ ಅಡುಗೆಗೆ ಒಗ್ಗಿಸಿಕೊಳ್ಳುವುದು

ಕಾಯಿ ಇಲ್ಲಿ ಹೆಚ್ಚಾಗಿ ಫ್ರೋಜನ್ ತುರಿಯ ಪೊಟ್ಟಣದಲ್ಲಿ ಸಿಗುತ್ತದೆ. ಆ ಗಡ್ಡೆಯನ್ನು ಹಾಗೇ ಮಿಕ್ಸಿಗೆ ಹಾಕಬೇಡಿ, ಬ್ಲೇಡು ಬಾಗುತ್ತದೆ, ಮೋಟರು ನಿಲ್ಲುತ್ತದೆ. ಪೊಟ್ಟಣ ತಂದ ದಿನವೇ ಸ್ವಲ್ಪ ಸಡಿಲವಾಗಲು ಬಿಟ್ಟು ಒಂದೊಂದು ಬಟ್ಟಲಿನಷ್ಟು ಬೇರೆ ಬೇರೆ ಚೀಲಕ್ಕೆ ಹಾಕಿ ಫ್ರೀಜರಿಗೆ ಇಡಿ. ಬೇಕಾದಾಗ ಒಂದು ಚೀಲ ತೆಗೆದು ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಸಾಕು.

ದೋಸೆಹಿಟ್ಟನ್ನು 550 ವ್ಯಾಟಿನ ಮಿಕ್ಸಿಯಲ್ಲಿ ಮಾಡಬಹುದು, ನಾವು ಮಾಡುತ್ತಿದ್ದೇವೆ. ಜಾರು ಅರ್ಧ ಮಾತ್ರ ತುಂಬಿ, ನಡುನಡುವೆ ನಿಲ್ಲಿಸಿ, ಫ್ರಿಜ್ಜಿನ ತಣ್ಣೀರು ಹಾಕಿ ರುಬ್ಬಿ. ಹಿಟ್ಟು ಬಿಸಿಯಾದರೆ ಹುದುಗು ಹದ ತಪ್ಪುತ್ತದೆ. ನೀರುದೋಸೆಯ ಅಕ್ಕಿಗೂ ಇದೇ ರೀತಿ. ಜನವರಿಯ ಚಳಿಯಲ್ಲಿ ಹಿಟ್ಟು ಉಬ್ಬದಿದ್ದರೆ ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಾಕಿ ರಾತ್ರಿ ಅದರೊಳಗಿಡಿ. ವಾರಕ್ಕೆರಡು ಸಲ ಇಡ್ಲಿ ಆಗುವ ಮನೆಯಾದರೆ ಮುಂದೆ 110 ವೋಲ್ಟಿನ ಗ್ರೈಂಡರ್ ತೆಗೆದುಕೊಳ್ಳಿ, ಅವಸರ ಬೇಡ.

ಸ್ಟೀಲ್ ಜಾರನ್ನು ಡಿಶ್‌ವಾಷರಿಗೆ ಹಾಕಬೇಡಿ. ಬ್ಲೇಡಿನ ಕೆಳಗಿನ ಬೇರಿಂಗಿನ ಗ್ರೀಸು ತೊಳೆದು ಹೋಗಿ ಜಾರು ಕಿರುಗುಟ್ಟಲು ಶುರುವಾಗುತ್ತದೆ, ಆಮೇಲೆ ಕಪ್ಪು ಎಣ್ಣೆ ಚಟ್ನಿಗೆ ಇಳಿಯುತ್ತದೆ. ಅರ್ಧ ಜಾರು ನೀರಿಗೆ ಒಂದು ಹನಿ ಸೋಪು ಹಾಕಿ ಹತ್ತು ಸೆಕೆಂಡು ಓಡಿಸಿ, ತೊಳೆದು ಮಗುಚಿ ಇಡಿ.

ಹಳೆಯದನ್ನು ಕೊಳ್ಳುವುದಾದರೆ

ಊರಿಗೆ ವಾಪಸ್ ಹೋಗುವವರು 110ರ ಮಿಕ್ಸಿಯನ್ನು ಕಡಿಮೆ ಬೆಲೆಗೆ ಕೊಡುತ್ತಾರೆ, ಅವರಿಗೆ ಅಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಹೊಸಬರಿಗೆ ಇದೇ ಒಳ್ಳೆಯ ದಾರಿ. ನೋಡಲು ಹೋದಾಗ ಖಾಲಿ ಜಾರು ಹಚ್ಚಿ ಓಡಿಸಿ, ಕಿಡಿ ಅಥವಾ ಸುಟ್ಟ ವಾಸನೆ ಬಂದರೆ ಬಿಡಿ. ಜಾರನ್ನು ಮಗುಚಿ ಕಪ್ಲರನ್ನು (ಜಾರನ್ನು ಮೋಟರಿಗೆ ಸೇರಿಸುವ ಭಾಗ) ಕೈಯಲ್ಲಿ ತಿರುಗಿಸಿ, ಅಲ್ಲಾಡಬಾರದು, ಸುಲಭವಾಗಿ ತಿರುಗಬೇಕು. ಮಿಕ್ಸಿಯ ಮೇಲಿನ ಪ್ಲಾಸ್ಟಿಕ್ ಕಪ್ಲರಿನ ಹಲ್ಲು ಸವೆದಿದ್ದರೆ ಚಿಂತೆ ಇಲ್ಲ, ಅದು ಬದಲಿಸುವ ಬಿಡಿಭಾಗ. ಮುಚ್ಚಳದ ರಬ್ಬರು ಗಟ್ಟಿಯಾಗಿದ್ದರೂ ಅಷ್ಟೇ. ಚಟ್ನಿ ಜಾರು ಇಲ್ಲದ ಮಿಕ್ಸಿಯನ್ನು ಮಾತ್ರ ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ.

ಮಿಕ್ಸಿ ಸಿಗುವವರೆಗೆ ಚಟ್ನಿ ಇಲ್ಲದೆ ಕಷ್ಟಪಡಬೇಡಿ. ಇಲ್ಲಿನ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಯಾವ ಊರಿನಲ್ಲಿದ್ದೀರಿ ಎಂದು ಬರೆಯಿರಿ. ಹತ್ತಿರದ ಯಾರಾದರೂ ಒಂದು ವಾರಕ್ಕೆ ತಮ್ಮ ಎರಡನೇ ಮಿಕ್ಸಿ ಕೊಡುತ್ತಾರೆ. ಅಂಗಡಿಗೆ ಜೊತೆಗೆ ಬರಲು ಕಾರಿರುವವರೂ ಸಿಗುತ್ತಾರೆ.