ತೆರಿಗೆ ರಸೀದಿ ಹಿಡಿದು ಗ್ರಾಮಸಭೆಗೆ ಹೋದೆ

ನಮ್ಮೂರ ಗ್ರಂಥಾಲಯಕ್ಕೆ ಮೊದಲು ಎರಡು ಪೇಪರ್ ಬರುತ್ತಿತ್ತು. ಆಮೇಲೆ ಒಂದಾಯಿತು. ಒಂದು ಮಳೆಗಾಲದಲ್ಲಿ ಅದೂ ನಿಂತಿತು. ನನ್ನ ಮಗಳು ಆಗ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಳು. ಅವಳ ಜೊತೆ ಇನ್ನೂ ಆರೇಳು ಮಕ್ಕಳು ದಿನಾ ಅಲ್ಲೇ ಕೂರುತ್ತಿದ್ದರು. ಅದೇ ಹೊತ್ತಿಗೆ ನಮ್ಮ ಬೀದಿಯಲ್ಲಿ ಮೂರು ಕಂಬದ ಲೈಟು ಕೆಟ್ಟು ತಿಂಗಳಾಗಿತ್ತು. ಊರಿಗೆ ನೀರು ಬಿಡುವ ನೀರುಗಂಟಿಗೆ ನಾಲ್ಕು ತಿಂಗಳ ಸಂಬಳ ಬಾಕಿ ಇದೆ ಅಂತ ಅವರ ಹೆಂಡತಿ ನಮ್ಮ ಸಂಘದ ಸಭೆಯಲ್ಲಿ ಕಣ್ಣೀರು ಹಾಕಿದ್ದರು. ಪಂಚಾಯಿತಿಗೆ ಹೋಗಿ ಯಾವುದನ್ನು ಕೇಳಿದರೂ ಒಂದೇ ಮಾತು: "ದುಡ್ಡಿಲ್ಲ ಕಣಕ್ಕ, ಏನ್ ಮಾಡೋಣ?"

ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಹಳ್ಳಿ. ನಾನು ಬಟ್ಟೆ ಹೊಲಿಯುತ್ತೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ಪಂಚಾಯಿತಿಯ ಲೆಕ್ಕ ನನಗೆ ಅರ್ಥವಾಗುವಂಥದ್ದಲ್ಲ ಅಂತಲೇ ಅಲ್ಲಿಯವರೆಗೆ ಅಂದುಕೊಂಡಿದ್ದೆ. ನಾನು ಮಾಡಿದ್ದನ್ನು ಬೇರೆ ಊರಿನವರೂ ಮಾಡಬಹುದು ಅನ್ನಿಸಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಗ್ರಾಮಸಭೆಗೆ ಹೋದಾಗ ನಾವು ಹದಿನೈದು ಹೆಂಗಸರು ಒಟ್ಟಿಗೆ ಹೋಗಿದ್ದೆವು. ಎಲ್ಲರಿಗೂ ಸಿಟ್ಟಿತ್ತು. ಒಬ್ಬರು ಲೈಟು ಅಂದರು, ಒಬ್ಬರು ಚರಂಡಿ ಅಂದರು, ನಾನು ಪೇಪರ್ ಅಂದೆ. ಎಲ್ಲರೂ ಒಂದೇ ಸಲ ಮಾತಾಡಿದೆವು. ಅಧ್ಯಕ್ಷರು "ಆಯ್ತು, ನೋಡೋಣ, ಕೂತ್ಕೊಳ್ಳಿ" ಅಂದರು. ಟೀ ಬಂತು, ಮನೆ ಹಂಚಿಕೆ ಪಟ್ಟಿ ಓದಿದರು, ಸಭೆ ಮುಗಿಯಿತು. ಹದಿನೈದು ದಿನ ಬಿಟ್ಟು, ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ನಡವಳಿ ಪುಸ್ತಕ ತೋರಿಸಿ ಅಂದೆ. ಅದರಲ್ಲಿ ನಮ್ಮ ಒಂದು ಮಾತೂ ಇರಲಿಲ್ಲ. 'ಮೂಲಸೌಕರ್ಯಗಳ ಬಗ್ಗೆ ಚರ್ಚಿಸಲಾಯಿತು' ಅನ್ನುವ ಒಂದು ಸಾಲು ಇತ್ತು, ಅಷ್ಟೇ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದಾರಿ ಸಿಕ್ಕಿದ್ದು ಮನೆಯ ಟ್ರಂಕಿನಲ್ಲಿ. ಬೇರೇನೋ ಹುಡುಕುವಾಗ ಮನೆ ಕಂದಾಯದ ರಸೀದಿ ಕೈಗೆ ಬಂತು. ವರ್ಷಾ ವರ್ಷ ಕಟ್ಟುತ್ತೇವೆ, ಆದರೆ ಒಂದು ದಿನವೂ ಓದಿರಲಿಲ್ಲ. ನಮ್ಮ ಮನೆಯ ಕಂದಾಯ 500 ರೂಪಾಯಿ. ಅದರ ಕೆಳಗೆ ಬೇರೆ ಬೇರೆ ಸಾಲುಗಳು: ಆರೋಗ್ಯ ಕರ 75, ಶಿಕ್ಷಣ ಕರ 50, ಗ್ರಂಥಾಲಯ ಕರ 30, ಭಿಕ್ಷುಕರ ಕರ 15. ಅಂದರೆ ಕಂದಾಯದ ಮೇಲೆ ನೂರಕ್ಕೆ 15, 10, 6, 3. ಕಂದಾಯದ ಜೊತೆಗೆ 170 ರೂಪಾಯಿ ಜಾಸ್ತಿ ಕಟ್ಟುತ್ತಿದ್ದೇವೆ, ಅದರಲ್ಲಿ 30 ಗ್ರಂಥಾಲಯದ ಹೆಸರಿನಲ್ಲೇ. ನಮ್ಮ ಮನೆ ಒಂದರದ್ದೇ ಇಷ್ಟಾದರೆ ಊರಿಗೆಲ್ಲ ಸೇರಿ ಎಷ್ಟಾಗಬೇಡ? ಆ ದುಡ್ಡು ಎಲ್ಲಿ?

ನನಗೆ ಸಿಕ್ಕ ಮೊದಲ ಸರಿಯಾದ ಪ್ರಶ್ನೆ ಅದು. "ಪೇಪರ್ ಯಾಕೆ ನಿಲ್ಲಿಸಿದಿರಿ?" ಅಂದರೆ "ದುಡ್ಡಿಲ್ಲ" ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಅದರಲ್ಲಿ ಗ್ರಂಥಾಲಯಕ್ಕೆ ಎಷ್ಟು ಖರ್ಚಾಯಿತು?" ಅಂತ ಕೇಳಿದರೆ ಅಂಕಿಯಲ್ಲೇ ಉತ್ತರ ಕೊಡಬೇಕು.

ನಮ್ಮ ಗ್ರಂಥಾಲಯದ ಮೇಲ್ವಿಚಾರಕರು ಇನ್ನೊಂದು ವಿಷಯ ಹೇಳಿದರು. ಹಳ್ಳಿ ಗ್ರಂಥಾಲಯಗಳು ಮೊದಲು ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. 2019ರಲ್ಲಿ ಅವನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಹಾಗಾಗಿ ಈಗ ಇದರ ಹೊಣೆ ಪಂಚಾಯಿತಿಯದ್ದು, ತಾಲ್ಲೂಕಿಗೋ ಜಿಲ್ಲೆಗೋ ಅಲೆಯುವ ಕೆಲಸ ಇಲ್ಲ.

ಬಾಯಲ್ಲಿ ಕೇಳಿದೆ, ಲೆಕ್ಕ ಸಿಗಲಿಲ್ಲ. ಆಗ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು, ನೀವು ಅದನ್ನು ಮಾಡಬಾರದು. ಲೈಟು, ನೀರು, ಪೇಪರ್, ಚರಂಡಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಎರಡು ಪುಟ ತುಂಬಿಸಿದ್ದೆ. ಅರ್ಜಿ ವಾಪಸ್ ಬಂತು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ ಇರಬೇಕು. ಎರಡನೇ ಸಲ ಐದೇ ಸಾಲು ಬರೆದೆ: ಹೋದ ಎರಡು ವರ್ಷದ ಗ್ರಂಥಾಲಯ ಕರದ ಬೇಡಿಕೆ, ವಸೂಲಿ, ಬಾಕಿ ವಹಿಯ (ಎಷ್ಟು ಬರಬೇಕಿತ್ತು, ಎಷ್ಟು ಬಂತು, ಎಷ್ಟು ಉಳಿಯಿತು ಅಂತ ಬರೆಯುವ ಪುಸ್ತಕ) ನಕಲು, ಮತ್ತು ಗ್ರಂಥಾಲಯಕ್ಕೆ ಮಾಡಿದ ಖರ್ಚಿನ ವೋಚರ್ ನಕಲು ಕೊಡಿ ಅಂತ. 'ಯಾಕೆ' ಅನ್ನುವ ಪದ ಎಲ್ಲೂ ಹಾಕಲಿಲ್ಲ, ದಾಖಲೆ ಮಾತ್ರ ಕೇಳಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಕಚೇರಿಯಲ್ಲಿ ಸೀಲು ಹಾಕಿಸಿಕೊಂಡು ಸ್ವೀಕೃತಿ ಪಡೆದೆ.

ಮೂವತ್ತು ದಿನದೊಳಗೆ ಉತ್ತರ ಕೊಡಬೇಕು ಅಂತ ಕಾನೂನಿದೆ. ಕೊಡದಿದ್ದರೆ ಮೇಲ್ಮನವಿ ಹಾಕಬಹುದು. ನನಗೆ ಅದು ಬೇಕಾಗಲಿಲ್ಲ. ಇಪ್ಪತ್ತಾರನೇ ದಿನ ಫೋನ್ ಬಂತು. ಹನ್ನೊಂದು ಪುಟ, ಪುಟಕ್ಕೆ ಎರಡು ರೂಪಾಯಿಯಂತೆ 22 ರೂಪಾಯಿ ಕಟ್ಟಿ ತಂದೆ.

ಆ ಹನ್ನೊಂದು ಪುಟವನ್ನು ನಾನು, ನನ್ನ ಮಗಳು, ಸಂಘದ ಇಬ್ಬರು ಅಕ್ಕಂದಿರು ನಾಲ್ಕು ಸಂಜೆ ಕೂತು ಓದಿದೆವು. ಹೊಲಿಗೆ ಮೆಷಿನ್ ಮೇಲೆ ಕಾಗದ ಹರಡಿಕೊಂಡು, ಅಳತೆ ಬರೆಯುವ ಪುಸ್ತಕದಲ್ಲೇ ಕೂಡಿದೆವು. ಎರಡು ಸಂಗತಿ ಗೊತ್ತಾಯಿತು. ವಸೂಲಾದ ಗ್ರಂಥಾಲಯ ಕರದಲ್ಲಿ ಅರ್ಧಕ್ಕಿಂತ ಜಾಸ್ತಿ ಗ್ರಂಥಾಲಯಕ್ಕೆ ಖರ್ಚಾಗಿರಲಿಲ್ಲ. ಇದನ್ನು ನಾವು ನಿರೀಕ್ಷಿಸಿದ್ದೆವು. ಎರಡನೆಯದನ್ನು ನಿರೀಕ್ಷಿಸಿರಲಿಲ್ಲ. ಬಾಕಿಯ ಕಾಲಮ್ಮಿನಲ್ಲಿ ದೊಡ್ಡ ದೊಡ್ಡ ಮೊತ್ತ ಇದ್ದವು. ಸಣ್ಣ ಮನೆಯವರು ಬಹುತೇಕ ಕಟ್ಟಿದ್ದರು. ಆರ್‌ಸಿಸಿ ಮನೆ, ಅಂಗಡಿ ಮಳಿಗೆ ಇರುವ ಕೆಲವರು ವರ್ಷಗಟ್ಟಲೆ ಕಟ್ಟಿರಲಿಲ್ಲ. ನಮ್ಮ ಬೀದಿಯಲ್ಲೂ ಇಬ್ಬರಿದ್ದರು, ನಮ್ಮ ಸಂಬಂಧಿಕರೇ.

ಪಿಡಿಒ ಮೇಡಂ ಹತ್ತಿರ ಕೂತು ಮಾತಾಡಿದೆ. ಈ ಸಲ ಅವರೂ ಬಿಡಿಸಿ ಹೇಳಿದರು. "ದುಡ್ಡು ಬರತ್ತೆ ಕಣಮ್ಮ, ಆದರೆ ಬಂದಿದ್ದೆಲ್ಲ ಎಲ್ಲದಕ್ಕೂ ಆಗಲ್ಲ" ಅಂದರು. ಆಗ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ, ಅಂದರೆ ಕೇಂದ್ರ ಕೊಡುವ ದುಡ್ಡಿನಲ್ಲಿ, ನೂರಕ್ಕೆ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದಿತ್ತು. ಉಳಿದ 40ರಲ್ಲಿ ಊರಿಗೆ ಬೇಕಾದ ಕೆಲಸ ಮಾಡಬಹುದಿತ್ತು, ಸಂಬಳ ಮತ್ತು ಕಚೇರಿ ಖರ್ಚಿಗೆ ಬಳಸುವಂತಿರಲಿಲ್ಲ. ಹಾಗಾಗಿ ಇಂಥ ದಿನನಿತ್ಯದ ಖರ್ಚು ಬಂದಾಗಲೆಲ್ಲ ಪಂಚಾಯಿತಿಯ ಸ್ವಂತ ತೆರಿಗೆಯ ಕಡೆಗೇ ನೋಡಬೇಕು. ಆ ತೆರಿಗೆಯೇ ಬರದಿದ್ದಾಗ ಮೊದಲು ಕತ್ತರಿ ಬೀಳುವುದು ಕೇಳುವವರು ಯಾರೂ ಇಲ್ಲದ ಕಡೆ. ಗ್ರಂಥಾಲಯದ ಪರವಾಗಿ ಯಾರೂ ಕೇಳಿರಲಿಲ್ಲ, ಅಲ್ವಾ?

ಎರಡನೇ ಗ್ರಾಮಸಭೆಗೆ ಬೇರೆ ಥರ ತಯಾರಾದೆವು. ಗ್ರಾಮಸಭೆ ಆರು ತಿಂಗಳಿಗೆ ಒಂದಾದರೂ ನಡೆಯಬೇಕು. ಅದಕ್ಕೆ ಮೊದಲು ವಾರ್ಡ್ ಸಭೆ ಇರುತ್ತದೆ. ನಾವು ಅಲ್ಲಿಯವರೆಗೆ ವಾರ್ಡ್ ಸಭೆಗೆ ಹೋದವರೇ ಅಲ್ಲ. ನನ್ನ ಅನುಭವದಲ್ಲಿ ಅದೇ ಜಾಸ್ತಿ ಮುಖ್ಯ. ಅಲ್ಲಿ ಜನ ಕಡಿಮೆ, ಗಲಾಟೆ ಕಡಿಮೆ, ನಮ್ಮ ಮೆಂಬರ್ ಎದುರಿಗೇ ಇರುತ್ತಾರೆ. ಮೂರು ಪ್ರಶ್ನೆಗಳನ್ನು ಬರೆದು, ನಲವತ್ತು ಜನರ ಸಹಿ ಮತ್ತು ಹೆಬ್ಬೆಟ್ಟು ಹಾಕಿಸಿ ಅಲ್ಲಿ ಕೊಟ್ಟೆವು. ವಾರ್ಡ್ ಸಭೆಯ ನಡವಳಿಯಲ್ಲಿ ಸೇರಿಸಿದ ಮೇಲೆಯೇ ಎದ್ದೆವು.

ಕೋರಂ ಬಗ್ಗೆಯೂ ಎಚ್ಚರ ಇರಲಿ. ಸಾಕಷ್ಟು ಜನ ಬರದಿದ್ದರೆ ಗ್ರಾಮಸಭೆಯನ್ನೇ ಮುಂದೂಡುತ್ತಾರೆ. ನಾವು ಎರಡು ದಿನ ಮನೆ ಮನೆಗೆ ಹೋಗಿ ಕರೆದೆವು. ಕೂಲಿಗೆ ಹೋಗುವವರಿಗೆ ಆಗಲ್ಲ ಅಂತ ಗೊತ್ತಿತ್ತು, ಅದಕ್ಕೆ ಸಭೆಯನ್ನು ಬೆಳಿಗ್ಗೆ ಬೇಡ, ಮಧ್ಯಾಹ್ನ ಮೂರಕ್ಕೆ ಇಡಿ ಅಂತ ಮೊದಲೇ ಅರ್ಜಿ ಕೊಟ್ಟಿದ್ದೆವು. ಒಪ್ಪಿದರು.

ಸಭೆಯಲ್ಲಿ ಒಬ್ಬರಿಗೆ ಒಂದೇ ಪ್ರಶ್ನೆ ಅಂತ ಹಂಚಿಕೊಂಡಿದ್ದೆವು. ನನ್ನ ಸರದಿ ಬಂದಾಗ ರಸೀದಿ ಹಿಡಿದು ನಿಂತೆ. ಕೈ ನಡುಗುತ್ತಿತ್ತು. "ಅಧ್ಯಕ್ಷರೇ, ಗ್ರಂಥಾಲಯ ಕರ ಅಂತ ನಾನು 30 ರೂಪಾಯಿ ಕಟ್ಟಿದ್ದೇನೆ. ಎರಡು ವರ್ಷದಲ್ಲಿ ಊರಿಂದ ವಸೂಲಾದದ್ದು ಇಷ್ಟು, ಖರ್ಚಾದದ್ದು ಇಷ್ಟು. ಇದು ನಿಮ್ಮ ಕಚೇರಿಯೇ ಕೊಟ್ಟ ಲೆಕ್ಕ. ಉಳಿದದ್ದರಲ್ಲಿ ಪೇಪರ್ ತರಿಸಲು ಏನು ಅಡ್ಡಿ?" ಅಂತ ಕೇಳಿ ಕೂತೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನಿಂದ ಒಬ್ಬ ಅಜ್ಜ "ಮಗು ಕೇಳಿದ್ದಕ್ಕೆ ಹೇಳ್ರಪ್ಪ" ಅಂದರು.

ನಾವು ಬಾಕಿದಾರರ ಹೆಸರನ್ನು ಅಲ್ಲಿ ಓದಲಿಲ್ಲ. ಓದಬೇಕು ಅಂತ ಸಂಘದಲ್ಲಿ ಕೆಲವರು ಹಠ ಹಿಡಿದಿದ್ದರು, ನಾನು ಬೇಡ ಅಂದೆ. ಓದಿದ್ದರೆ ಸಭೆ ಜಗಳವಾಗುತ್ತಿತ್ತು, ಪೇಪರಿನ ಮಾತು ಕಳೆದುಹೋಗುತ್ತಿತ್ತು. ಅದರ ಬದಲು ಬೀದಿವಾರು ಕಂದಾಯ ವಸೂಲಿ ಶಿಬಿರ ಇಡಿ, ಸಂಘದವರು ಜೊತೆಗೆ ಬರುತ್ತೇವೆ ಅಂದೆವು. ಪೇಪರ್ ತರಿಸುವುದರ ಜೊತೆಗೆ ಅದೂ ನಿರ್ಣಯವಾಯಿತು. ನಡವಳಿಯನ್ನು ಅಲ್ಲೇ ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಮಾಡಿದೆವು.

ಮುಂದಿನ ತಿಂಗಳಿಂದ ಎರಡು ಪೇಪರ್ ಬಂತು. ಒಂದು ಸ್ಪರ್ಧಾ ಪರೀಕ್ಷೆಯ ಮಾಸಿಕವನ್ನೂ ಸೇರಿಸಿದರು. ಕಂಬದ ಲೈಟು ಮೂರರಲ್ಲಿ ಎರಡು ಹತ್ತಿದವು. ನೀರುಗಂಟಿಗೆ ಎರಡು ತಿಂಗಳ ಸಂಬಳ ಸಿಕ್ಕಿತು, ಇನ್ನೂ ಎರಡು ತಿಂಗಳದ್ದು ಬಾಕಿ ಇದೆ. ವಸೂಲಿ ಶಿಬಿರದಲ್ಲಿ ನಮ್ಮ ಸಂಬಂಧಿಕರ ಮನೆ ಬಾಗಿಲಿಗೂ ಹೋದೆ. ಒಬ್ಬರು ಕಟ್ಟಿದರು. ಇನ್ನೊಬ್ಬರು ಮಾತು ಬಿಟ್ಟಿದ್ದಾರೆ, ಅದು ನನಗೆ ನೋವಿದೆ.

ವರ್ಷಕ್ಕೊಮ್ಮೆ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯುತ್ತದೆ. ಅವತ್ತು ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಇಡಬೇಕು. ಮಾಡಿದ ಕೆಲಸವನ್ನು ಕಣ್ಣಾರೆ ನೋಡಲೂ ಅವಕಾಶ ಇದೆ. ಈ ಸಲ ಬಲ್ಬು ಖರೀದಿಯ ಪಟ್ಟಿ ಹಿಡಿದು ಕಂಬ ಎಣಿಸುತ್ತಾ ಹೋಗಬೇಕು ಅಂತ ನಿರ್ಧರಿಸಿದ್ದೇವೆ. ಅಳತೆ ಪುಸ್ತಕದ ಹಿಂಬದಿಯಲ್ಲಿ ನಮ್ಮ ವಾರ್ಡಿನ ಕಂಬಗಳಿಗೆ ನಂಬರ್ ಹಾಕಿಟ್ಟಿದ್ದೇನೆ. ಒಟ್ಟು 34 ಇವೆ.